ನೆನೆದ ಹಾಳೆಯ ಲೆಕ್ಕ

ಉತ್ತರ ವರ್ಜೀನಿಯಾದ ಬಡಾವಣೆಗಳಲ್ಲಿ ಬೇಸಿಗೆಯೆಂದರೆ ಈಜುಕೊಳ. ಮೇ ತಿಂಗಳ ಕೊನೆಯಲ್ಲಿ ಬರುವ ಮೆಮೋರಿಯಲ್ ಡೇ ರಜೆಗೆ ಕೊಳಗಳ ಬಾಗಿಲು ತೆರೆದರೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಹೊತ್ತಿಗೆ ಮುಚ್ಚುತ್ತದೆ. ನಡುವಿನ ವಾರಗಳಲ್ಲಿ ಒಂದು ಬಡಾವಣೆಯ ಮಕ್ಕಳಿಗೂ ಇನ್ನೊಂದು ಬಡಾವಣೆಯ ಮಕ್ಕಳಿಗೂ ಪಂದ್ಯಗಳು ನಡೆಯುತ್ತವೆ. ನನ್ನ ಮಗಳು ಎಂಟನೆಯ ವಯಸ್ಸಿನಲ್ಲಿ ನಮ್ಮ ಕೊಳದ ಡೈವಿಂಗ್ ತಂಡಕ್ಕೆ ಸೇರಿದಾಗ ನಾನು ಬದಿಯ ಕುರ್ಚಿಯಲ್ಲಿ ಕುಳಿತು ನೋಡುವ ತಂದೆಯಾಗಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಹಿಂದಿನ ಸಂಘಟಕರ ಮಗ ಕಾಲೇಜಿಗೆ ಹೊರಟಿದ್ದರಿಂದ, ನಮ್ಮ ಕೊಳದಲ್ಲಿ ಮೀಟ್, ಅಂದರೆ ಎರಡು ತಂಡಗಳ ನಡುವಿನ ಪಂದ್ಯ, ನಡೆಸುವ ಹೊಣೆ ನನ್ನ ಪಾಲಿಗೆ ಬಂತು. ಕೋಚ್ ಮತ್ತು ಲೈಫ್‌ಗಾರ್ಡ್‌ಗಳನ್ನು ಬಿಟ್ಟರೆ ಇಲ್ಲಿ ಸಂಬಳ ಪಡೆಯುವವರು ಯಾರೂ ಇಲ್ಲ. ತೀರ್ಪು ಕೊಡುವುದರಿಂದ ಹಿಡಿದು ಸಾಸೇಜ್ ಸುಡುವವರೆಗೆ ಎಲ್ಲವೂ ತಂದೆತಾಯಿಯರ ಕೆಲಸ.

ನಮ್ಮ ಲೀಗ್‌ನಲ್ಲಿ ಹತ್ತು ವರ್ಷದವರೆಗಿನವರು, 11–12, 13–14 ಮತ್ತು 15–18 ಎಂದು ನಾಲ್ಕು ವಯೋಗುಂಪುಗಳಿವೆ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆಯಾಗಿ ಒಟ್ಟು ಎಂಟು ಸ್ಪರ್ಧೆಗಳು. ಪ್ರತಿಯೊಂದರಲ್ಲಿ ಮೊದಲ ಮೂವರಿಗೆ 5, 3, 1 ಎಂದು ತಂಡದ ಅಂಕ ಸಿಗುತ್ತದೆ. ಸಂಜೆ ಮುಗಿಯುವಾಗ ಎರಡೂ ತಂಡಗಳ ಅಂಕ ಸೇರಿ 72 ಆಗಬೇಕು. ಎಲ್ಲರೂ ಜಿಗಿಯುವುದು ನೀರಿನಿಂದ ಒಂದು ಮೀಟರ್ ಎತ್ತರದ ಒಂದೇ ಸ್ಪ್ರಿಂಗ್‌ಬೋರ್ಡಿನಿಂದ.

ಆದರೆ ಈ ಮೀಟ್ ನಿಜವಾಗಿ ನಿಂತಿರುವುದು ಸ್ಪ್ರಿಂಗ್‌ಬೋರ್ಡಿನ ಮೇಲಲ್ಲ, ಒಂದು ಹಾಳೆಯ ಮೇಲೆ. ತಾನು ಯಾವ ಯಾವ ಡೈವ್ ಮಾಡುತ್ತೇನೆ, ಯಾವ ಕ್ರಮದಲ್ಲಿ ಮಾಡುತ್ತೇನೆ ಎಂಬುದನ್ನು ಪ್ರತಿಯೊಂದು ಮಗುವೂ ಮೊದಲೇ ಬರೆದು, ಕೋಚ್‌ನಿಂದ ಸಹಿ ಹಾಕಿಸಿ ಕೊಡಬೇಕು. ಡೈವ್‌ಗಳಿಗೆ ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಮೊದಲ ಅಂಕಿ ಡೈವ್‌ನ ಗುಂಪನ್ನು ತಿಳಿಸುತ್ತದೆ: 1 ಮುಂದಕ್ಕೆ, 2 ಹಿಂದಕ್ಕೆ, 3 ರಿವರ್ಸ್, 4 ಇನ್ವರ್ಡ್ (ಬೋರ್ಡಿಗೆ ಮುಖಮಾಡಿ ನಿಂತು ಅದರ ಕಡೆಗೇ ತಿರುಗುವುದು), 5 ತಿರುಚು. ಹೀಗಾಗಿ 101 ಎಂದರೆ ಮುಂದಕ್ಕೆ ಧುಮುಕುವ ಸರಳ ಡೈವ್, 103 ಎಂದರೆ ಮುಂದಕ್ಕೆ ಒಂದೂವರೆ ಲಾಗ. ಸಂಖ್ಯೆಯ ಪಕ್ಕದಲ್ಲಿ ಒಂದು ಅಕ್ಷರವಿರುತ್ತದೆ: ಮೈ ನೇರವಾಗಿದ್ದರೆ ಎ, ಮೊಣಕಾಲು ಮಡಿಸದೆ ಸೊಂಟದಲ್ಲಿ ಬಾಗುವ ಪೈಕ್ ಆದರೆ ಬಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುದುಡುವ ಟಕ್ ಆದರೆ ಸಿ. ಪ್ರತಿ ಡೈವ್‌ಗೂ ಅದರ ಕಠಿಣತೆಗೆ ತಕ್ಕ ಗುಣಕವೊಂದು ನಿಗದಿಯಾಗಿದೆ. ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅರ್ಧರ್ಧ ಅಂಕದ ಲೆಕ್ಕದಲ್ಲಿ ಕೊಡುತ್ತಾರೆ. ಐವರಿದ್ದರೆ ಅತಿ ಹೆಚ್ಚಿನದೊಂದನ್ನೂ ಅತಿ ಕಡಿಮೆಯದೊಂದನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿ, ಆ ಗುಣಕದಿಂದ ಗುಣಿಸಬೇಕು. ಮಗು ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು ಬೇರೆಯದೇ ಡೈವ್ ಮಾಡಿದರೆ, ಅದು ಎಷ್ಟೇ ಸೊಗಸಾಗಿದ್ದರೂ ಸೊನ್ನೆ.

ಆದ್ದರಿಂದ ಮಂಗಳವಾರ ಸಂಜೆಯ ಮೀಟ್‌ಗೆ ನನ್ನ ಕೆಲಸ ಭಾನುವಾರವೇ ಶುರುವಾಗಿತ್ತು. ಊಟದ ಮೇಜಿನ ಮೇಲೆ ನಮ್ಮ ತಂಡದ ಹಾಳೆಗಳನ್ನು ಹರಡಿಕೊಂಡು, ಗುಣಕಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದೆ. ಒಬ್ಬ ಹುಡುಗ ಒಂದೇ ಡೈವ್ ಅನ್ನು ಎರಡು ಸಲ ಬರೆದಿದ್ದ. ಇನ್ನೊಬ್ಬಳು 201 ಎಂದು ಬರೆದು ಪಕ್ಕದಲ್ಲಿ 301ರ ಗುಣಕ ಹಾಕಿದ್ದಳು. ಸೋಮವಾರ ಎದುರು ತಂಡದ ಹಾಳೆಗಳೂ ಬಂದವು. ಅವನ್ನೂ ಹಾಗೆಯೇ ನೋಡಿ, ಉದ್ಘೋಷಕರಿಗೆಂದು ಎಲ್ಲವನ್ನೂ ಒಂದು ಪಟ್ಟಿಯಾಗಿ ಟೈಪ್ ಮಾಡಿ ಮುದ್ರಿಸಿದೆ. ಗುಮಾಸ್ತಿಕೆಯೆಂದು ಇದನ್ನು ಬದಿಗೆ ತಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತು ವರ್ಷದ ಮಗು ವಾರವಿಡೀ ಹೆದರಿಕೊಂಡೇ ಕಲಿತ ಡೈವ್ ಒಂದು ತಪ್ಪು ಅಂಕಿಯಿಂದ ಸೊನ್ನೆಯಾಗಬಾರದು ಎಂದು ನೋಡಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಆ ಮೀಟ್‌ನಲ್ಲಿ ಹಿರಿಯರಿಗೆ ಬೇರೊಂದಿಲ್ಲ.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಬುರುಡೆ ಬಿಚ್ಚಿದ ಮೇಲೆ ಬಾವಿಯ ಕಟ್ಟೆಯಿಂದ ತಲೆ ಕೆಳಗಾಗಿ ಧುಮುಕುವುದನ್ನು ನಮ್ಮ ಕಡೆಯ ಹುಡುಗರು ‘ಡೈ ಹೊಡೆಯುವುದು’ ಎನ್ನುತ್ತಿದ್ದರು. ಮೊದಲ ಸಲ ಕಟ್ಟೆಯ ಮೇಲೆ ನಿಂತು ಕೆಳಗಿನ ಕಪ್ಪು ನೀರನ್ನು ನೋಡಿದಾಗ ಪಾದದ ಬೆರಳುಗಳು ಕಲ್ಲನ್ನು ಹಿಡಿದುಕೊಂಡದ್ದು ಇಂದಿಗೂ ನೆನಪಿದೆ. ಸ್ಪ್ರಿಂಗ್‌ಬೋರ್ಡಿನ ತುದಿಯಲ್ಲಿ ನಿಂತ ಮಕ್ಕಳ ಪಾದಗಳು ಹಾಗೆಯೇ ಹಿಡಿದುಕೊಳ್ಳುವುದನ್ನು ಕಂಡಾಗಲೆಲ್ಲ ಅವರ ಜೊತೆ ನಾನೂ ಉಸಿರು ಬಿಗಿಹಿಡಿಯುತ್ತೇನೆ.

ಮಂಗಳವಾರ ನಾಲ್ಕು ಗಂಟೆಗೇ ಕೊಳಕ್ಕೆ ಹೋದೆ. ತೀರ್ಪುಗಾರರ ಎತ್ತರದ ಕುರ್ಚಿಗಳನ್ನು ಬೋರ್ಡಿನ ಎರಡೂ ಬದಿಗೆ ಇಡಿಸಿ, ಹೋಸ್‌ಪೈಪಿನಿಂದ ಬೋರ್ಡಿನ ಮುಂದಿನ ನೀರಿಗೆ ಸಣ್ಣ ಹನಿ ಬೀಳುವಂತೆ ಮಾಡಿದೆ. ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಗಾಳಿಯಲ್ಲಿ ತಿರುಗುವ ಮಗುವಿಗೆ ಅದು ಎಲ್ಲಿದೆಯೆಂಬ ಅಂದಾಜು ಸಿಗುವುದಿಲ್ಲ. ಬೋರ್ಡಿನ ಆಧಾರವನ್ನು ಹಿಂದೆ ಮುಂದೆ ಸರಿಸುವ, ಕಾಲಿನಿಂದ ತಿರುಗಿಸುವ ಚಕ್ರ ಸಲೀಸಾಗಿ ಉರುಳುತ್ತದೆಯೇ ಎಂದೂ ನೋಡಿದೆ. ಆಧಾರ ಹಿಂದಕ್ಕೆ ಸರಿದಷ್ಟೂ ಬೋರ್ಡ್ ಹೆಚ್ಚು ಬಳುಕುತ್ತದೆ. ತೂಕ ಕಡಿಮೆಯಿರುವ ಚಿಕ್ಕವರಿಗೂ ಹದಿನೇಳರ ಹುಡುಗರಿಗೂ ಒಂದೇ ಹದ ಒಗ್ಗುವುದಿಲ್ಲ. ಬರುತ್ತೇವೆಂದಿದ್ದ ನಮ್ಮ ತೀರ್ಪುಗಾರರಲ್ಲಿ ಒಬ್ಬರು ಕಚೇರಿಯಲ್ಲೇ ಉಳಿದಿದ್ದರಿಂದ ಎದುರು ತಂಡದವರು ಮೂವರನ್ನು ಕೊಟ್ಟರು, ನಾವು ಇಬ್ಬರನ್ನು. ಆರು ಗಂಟೆಗೆ ಸರಿಯಾಗಿ ರೆಫರಿ ಸೀಟಿ ಊದಿದರು.

ಚಿಕ್ಕವರ ಸ್ಪರ್ಧೆ ಮೊದಲು. ನಮ್ಮ ತಂಡದ ಒಬ್ಬ ಹುಡುಗ ನಾಲ್ಕು ಹೆಜ್ಜೆ ನಡೆದು ತುದಿಯಲ್ಲಿ ನಿಂತುಬಿಟ್ಟ. ಹೀಗೆ ಆರಂಭಿಸಿ ನಿಲ್ಲಿಸಿದರೆ ಪ್ರತಿ ತೀರ್ಪುಗಾರರ ಅಂಕದಿಂದ ಎರಡೆರಡು ಅಂಕ ಕಳೆಯಬೇಕು. ಎರಡನೆಯ ಸಲವೂ ನಿಂತರೆ ಡೈವ್ ವಿಫಲ. ಇಡೀ ಕೊಳ ಸ್ತಬ್ಧವಾಯಿತು. ಅವನು ಹಿಂದಕ್ಕೆ ಹೋಗಿ, ತೊಡೆಗೆ ಕೈ ಒರೆಸಿಕೊಂಡು, ಮತ್ತೆ ನಡೆದು ಬಂದು ಧುಮುಕಿದ. ಅಂಕ ಎಷ್ಟು ಬಂತೆಂದು ಅವನು ತಿರುಗಿಯೂ ನೋಡಲಿಲ್ಲ. ಏಣಿ ಹತ್ತಿ ಬಂದವನನ್ನು ಎದುರು ತಂಡದ ಮಕ್ಕಳೂ ಬೆನ್ನು ತಟ್ಟಿ ಕರೆದುಕೊಂಡು ಹೋದರು. ನನ್ನ ಮಗಳ ಸ್ಪರ್ಧೆಯೂ ಅದೇ ಗುಂಪಿನಲ್ಲಿ ಮುಗಿಯಿತು, ಆದರೆ ಅವಳ ಮೂರು ಡೈವ್‌ಗಳಲ್ಲಿ ನಾನು ನೋಡಿದ್ದು ಒಂದನ್ನು ಮಾತ್ರ.

ಏಳಕ್ಕೆ ಹತ್ತು ನಿಮಿಷವಿರುವಾಗ ಪಶ್ಚಿಮದ ಮರಗಳಾಚೆ ಗುಡುಗಿತು. ವರ್ಜೀನಿಯಾದ ಜುಲೈ ಸಂಜೆಗಳಲ್ಲಿ ಇದು ಅಪರೂಪವೇನಲ್ಲ. ಲೈಫ್‌ಗಾರ್ಡ್ ಮೂರು ಸಲ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ದೂರ ಕಳುಹಿಸಿದರು. ಕೊನೆಯ ಗುಡುಗು ಕೇಳಿದ ಮೂವತ್ತು ನಿಮಿಷಗಳ ನಂತರವೇ ಮತ್ತೆ ಆರಂಭಿಸಬಹುದು. ನಡುವೆ ಇನ್ನೊಮ್ಮೆ ಗುಡುಗಿದರೆ ಎಣಿಕೆ ಮೊದಲಿನಿಂದ. ಅದು ಇಪ್ಪತ್ತನೆಯ ನಿಮಿಷಕ್ಕೆ ಮತ್ತೆ ಗುಡುಗಿತು, ಜೊತೆಗೆ ಮಳೆಯೂ ಸುರಿಯಿತು. ಮಕ್ಕಳು ಚಾವಣಿಯ ಕೆಳಗೆ ಟವೆಲ್ ಸುತ್ತಿಕೊಂಡು ಇಸ್ಪೀಟಾಡಿದರು. ಕಾಯುವುದು ಅವರಿಗೆ ಕಷ್ಟವೇ ಆಗಲಿಲ್ಲ. ಕಷ್ಟವಾದದ್ದು ನಮ್ಮ ಲೆಕ್ಕದ ಮೇಜಿನಲ್ಲಿ. ಗಾಳಿಗೆ ಛತ್ರಿಯ ಬಟ್ಟೆ ಮೇಲೆದ್ದು, ಮುಂದಿನ ಸ್ಪರ್ಧೆಗಳ ಹಾಳೆಗಳ ಕಟ್ಟಿನ ಮೇಲೆ ನೀರು ಬಿತ್ತು. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿಯಿತು. ಸ್ಕೆಚ್‌ಪೆನ್ನಿನಲ್ಲಿ ಬರೆದದ್ದು ನೀಲಿಯಾಗಿ ಹರಡಿತು. ಏಳೆಂಟು ಹಾಳೆಗಳನ್ನು ನಾನೇ ಒಣ ಕಾಗದಕ್ಕೆ ನಕಲು ಮಾಡಿದೆ. ಲ್ಯಾಪ್‌ಟಾಪ್ ಅನ್ನು ಮಳೆಯಲ್ಲಿ ಮತ್ತೆ ಹೊರಗೆ ತೆಗೆಯುವುದು ಬೇಡವೆಂದು, ಉಳಿದ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲೇ ಮಾಡೋಣವೆಂದು ನಿರ್ಧರಿಸಿದ್ದೂ ನಾನೇ.

ಎಂಟು ಗಂಟೆಯ ಸುಮಾರಿಗೆ ಮೀಟ್ ಮತ್ತೆ ಶುರುವಾದಾಗ ಬೋರ್ಡನ್ನು ಟವೆಲ್‌ನಿಂದ ಒರೆಸಿ, ಮಕ್ಕಳಿಗೆ ಒಂದೊಂದು ಅಭ್ಯಾಸದ ಜಿಗಿತಕ್ಕೆ ಅವಕಾಶ ಕೊಟ್ಟೆವು. 11–12ರ ಹುಡುಗಿಯರ ಸರದಿ. ಎದುರು ತಂಡದ ಒಬ್ಬ ತೆಳ್ಳಗಿನ ಹುಡುಗಿಯ ಕೊನೆಯ ಡೈವ್ ರಿವರ್ಸ್. ಅದರಲ್ಲಿ ಮುಂದಕ್ಕೆ ನಡೆದು, ಮುಂದಕ್ಕೆ ಚಿಮ್ಮಿ, ಗಾಳಿಯಲ್ಲಿ ಮಾತ್ರ ಹಿಂದಕ್ಕೆ, ಅಂದರೆ ತಾನು ಬಿಟ್ಟುಬಂದ ಬೋರ್ಡಿನ ಕಡೆಗೇ ತಲೆ ತಿರುಗಬೇಕು. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ, ಆ ಹೆದರಿಕೆಗೆ ಕಾರಣವೂ ಇದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಗ್ರೆಗ್ ಲೂಗಾನಿಸ್ ಅವರಂಥ ಅಪ್ರತಿಮ ಡೈವರ್‌ನ ತಲೆ ಬೋರ್ಡಿಗೆ ಬಡಿದದ್ದು ರಿವರ್ಸ್ ಎರಡೂವರೆ ಲಾಗದಲ್ಲಿ. ತಲೆಗೆ ಹೊಲಿಗೆ ಹಾಕಿಸಿಕೊಂಡು ಮರಳಿ ಬಂದ ಅವರು ಆ ಸ್ಪರ್ಧೆಯ ಚಿನ್ನವನ್ನೂ ಗೆದ್ದರು. ಆದರೆ ಹನ್ನೆರಡರ ಮಗುವಿನ ಮನಸ್ಸಿನಲ್ಲಿ ನಿಲ್ಲುವುದು ಚಿನ್ನವಲ್ಲ, ಆ ಬಡಿತ.

ಉದ್ಘೋಷಕರು ಹೇಳಿದರು: “301 ಬಿ, ರಿವರ್ಸ್ ಡೈವ್, ಪೈಕ್, 1.7.” ಕೊಳದ ದೀಪಗಳು ಆಗಷ್ಟೇ ಹೊತ್ತಿದ್ದವು. ಅವಳು ನಡೆದಳು, ಕೊನೆಯ ಹೆಜ್ಜೆಗೆ ಮೊಣಕಾಲೆತ್ತಿದಳು, ಬೋರ್ಡ್ ಕೆಳಗೆ ಬಾಗಿ ಅವಳನ್ನು ಮೇಲಕ್ಕೆತ್ತಿತು. ಮೇಲೆ ಕಾಲುಗಳು ನೇರವಾಗಿಯೇ ಎದ್ದು ಬಂದವು, ಕೈಗಳು ಪಾದವನ್ನು ಮುಟ್ಟಿದವು, ಆಮೇಲೆ ಮೈ ಬಿಚ್ಚಿಕೊಂಡು ನೀರಿಗಿಳಿಯಿತು. ಇಳಿಯುವಾಗ ಕಾಲುಗಳು ತುಸು ಆಚೆಗೆ ವಾಲಿದವು. ತೀರ್ಪುಗಾರರ ಕಾರ್ಡುಗಳು ಒಟ್ಟಿಗೇ ಮೇಲೆದ್ದವು: 5, 5, 5.5, 4.5, 5. ನೀರಿನಿಂದ ತಲೆ ಎತ್ತಿದವಳು ಮೊದಲು ತಿರುಗಿ ನೋಡಿದ್ದು ಬೋರ್ಡನ್ನು, ಅದು ತನ್ನಿಂದ ಎಷ್ಟು ದೂರದಲ್ಲಿದೆಯೆಂದು.

ಮೀಟ್ ಮುಗಿದಾಗ ಒಂಬತ್ತೂ ಮುಕ್ಕಾಲು. ನಾವು 41–31ರಿಂದ ಗೆದ್ದೆವು. ಆ ಸ್ಪರ್ಧೆಯ ಮೂರನೆಯ ಸ್ಥಾನದ ಬಿಳಿ ರಿಬ್ಬನ್ 83.20 ಅಂಕ ಗಳಿಸಿದ ನಮ್ಮ ತಂಡದ ಹುಡುಗಿಗೆ ಹೋಯಿತು. ಎದುರು ತಂಡದವಳದು 82.60.

ಬುಧವಾರ ಬೆಳಿಗ್ಗೆ ಕಚೇರಿಯ ಕೆಲಸಕ್ಕೆ ಕೂರುವ ಮುಂಚೆ ಫಲಿತಾಂಶಗಳನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದೆ. ನೆನೆದ ಮೂಲ ಹಾಳೆಗಳನ್ನು ಹೆಂಡತಿ ರಾತ್ರಿಯೇ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಒಣಗಲು ಹಾಕಿದ್ದಳು. ಅವನ್ನು ನನ್ನ ನಕಲುಗಳ ಜೊತೆ ಒಂದೊಂದಾಗಿ ಹೋಲಿಸುತ್ತ ಹೋದಾಗ ಆ ಹುಡುಗಿಯ ಹಾಳೆಯಲ್ಲಿ ಕೈ ನಿಂತಿತು. ಕೊನೆಯ ಸಾಲಿನ ‘ಬಿ’ ಅಕ್ಷರದ ಶಾಯಿ ಹರಡಿ ಎಡಬದಿಯ ಗೆರೆಯಷ್ಟೇ ಉಳಿದಿತ್ತು; ಅವಸರದಲ್ಲಿ ನಾನು ಅದನ್ನು ‘ಸಿ’ ಎಂದು ಓದಿ, ಅಳಿಸಿಹೋಗಿದ್ದ ಗುಣಕದ ಜಾಗದಲ್ಲಿ ಟಕ್‌ನ 1.6 ತುಂಬಿದ್ದೆ. ಉದ್ಘೋಷಕರ ಪಟ್ಟಿಯಲ್ಲಿ 1.7 ಇತ್ತು. ಅವರು ಅದನ್ನು ಸ್ಪಷ್ಟವಾಗಿ ಹೇಳಿಯೂ ಇದ್ದರು, ಮೇಜಿನ ಬಳಿ ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ. 5.5 ಮತ್ತು 4.5 ಬಿಟ್ಟರೆ ಉಳಿಯುವ ಮೊತ್ತ 15. ಅದನ್ನು 1.6ರಿಂದ ಗುಣಿಸಿದರೆ 24, 1.7ರಿಂದ ಗುಣಿಸಿದರೆ 25.5. ಅವಳ ನಿಜವಾದ ಒಟ್ಟು ಅಂಕ 84.10. ಮೂರನೆಯ ಸ್ಥಾನ ಅವಳದು.

ಎದುರು ತಂಡದ ಪ್ರತಿನಿಧಿಗೆ ಕರೆ ಮಾಡಿದೆ. ಮೀಟ್‌ನ ಫಲಿತಾಂಶ ಬದಲಾಗುವುದಿಲ್ಲವಲ್ಲ, 41–31ರ ಬದಲು 40–32 ಆಗುತ್ತದೆ ಅಷ್ಟೇ, ಬೇಕಿದ್ದರೆ ಹಾಗೇ ಬಿಡಿ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬಿಡಲು ನನಗೆ ಮನಸ್ಸಾಗಲಿಲ್ಲ. ಪೈಕ್‌ನಲ್ಲಿ ರಿವರ್ಸ್ ಮಾಡಿದ ಮಗುವಿನ ಹೆಸರಿನ ಮುಂದೆ ಟಕ್‌ನ ಗುಣಕ ಉಳಿಯುವುದು ಸುಳ್ಳು ದಾಖಲೆಯಾಗುತ್ತಿತ್ತು. ಹೆಚ್ಚು ಕಷ್ಟವಾದದ್ದು ನಮ್ಮ ತಂಡದ ಹುಡುಗಿಯ ತಾಯಿಗೆ ಮಾಡಿದ ಕರೆ. ತಪ್ಪು ಪೂರ್ತಿ ನನ್ನದೆಂದು ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳು ರಿಬ್ಬನ್ ಅನ್ನು ಆಗಲೇ ಕೋಣೆಯ ಗೋಡೆಗೆ ಅಂಟಿಸಿದ್ದಾಳೆ. ನಾನೇ ಹೇಳುತ್ತೇನೆ, ನೀವು ಹೇಳುವುದು ಬೇಡ” ಎಂದರು. ಸಂಜೆಯ ಅಭ್ಯಾಸಕ್ಕೆ ಬಂದ ಆ ಹುಡುಗಿ ರಿಬ್ಬನ್ ಅನ್ನು ನನ್ನ ಕೈಯಲ್ಲಿಟ್ಟು, ಕಣ್ಣೆತ್ತದೆ ಬೋರ್ಡಿನ ಕಡೆಗೆ ಹೋದಳು. ಹೋಗುವವಳನ್ನು ತಡೆದು ಏನಾದರೂ ಹೇಳಬೇಕೆನಿಸಿತು, ಆದರೆ ಹೇಳುವಂಥ ಮಾತು ನನ್ನಲ್ಲಿರಲಿಲ್ಲ.

ಮನೆಯಲ್ಲಿ ಮಗಳು ವಿಷಯ ಕೇಳಿ, “ಅಪ್ಪ, ನನ್ನ ಹಾಳೇನೂ ಇನ್ನೊಂದ್ಸಲ ನೋಡಿದ್ಯಾ?” ಎಂದಳು. ನೋಡಿದ್ದೆ. ಎಲ್ಲರದನ್ನೂ ನೋಡಿದ್ದೆ. ಬೇರೆ ತಪ್ಪು ಇರಲಿಲ್ಲ.

ಗುರುವಾರ ಸಂಜೆ ಹೊಸ ಲೇಬಲ್ ಅಂಟಿಸಿದ ಬಿಳಿ ರಿಬ್ಬನ್ ಹಿಡಿದು ಆ ತಂಡದ ಕೊಳಕ್ಕೆ ಹೋದೆ. ಕೋಚ್‌ಗೆ ಕೊಟ್ಟು ಬರುವುದೆಂದುಕೊಂಡಿದ್ದೆ. ಅವರು ನೀವೇ ಕೊಡಿ ಎಂದು ಹುಡುಗಿಯನ್ನು ಕರೆದರು. ಮೈಯಿಂದ ನೀರು ಇಳಿಸುತ್ತ ಬಂದವಳಿಗೆ ನಡೆದದ್ದನ್ನು ಹೇಳಿದೆ. ಅವಳು ರಿಬ್ಬನ್ ಅನ್ನು ಮಗುಚಿ ಹಿಂದಿನ ಲೇಬಲ್ ಓದಿದಳು. “ನಾನು ಕಾಲು ಮಡಿಸಿರಲಿಲ್ಲ,” ಎಂದಳು. “ನಾನು ನೋಡಿದ್ದೆ,” ಎಂದೆ. ಅವಳ ಬೆರಳಿನ ನೀರು ತಾಗಿ 84.10ರ ಕೊನೆಯ ಸೊನ್ನೆ ಮಸುಕಾಗತೊಡಗಿತು. ಕೋಚ್ ರಿಬ್ಬನ್ ಅನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಟವೆಲ್‌ನ ಅಂಚಿನಿಂದ ಒತ್ತಿ ಒರೆಸಿ, ತನ್ನ ಚೀಲದಲ್ಲಿದ್ದ ಪ್ಲಾಸ್ಟಿಕ್ ಲಕೋಟೆಯೊಳಗಿಟ್ಟರು. ಹುಡುಗಿ ಅಷ್ಟರಲ್ಲಿ ಬೋರ್ಡಿನ ಸಾಲಿನಲ್ಲಿ ಹೋಗಿ ನಿಂತಾಗಿತ್ತು.