ಹಕ್ಕಿಗಳ ಹೆಸರು ಗೊತ್ತಿಲ್ಲದವರು ಸಂಚಾಲಕರಾಗಬಹುದೇ?

ಹಕ್ಕಿ ವೀಕ್ಷಕರ ಬಳಗವೊಂದರ ಉಡುಪಿ ಘಟಕವನ್ನು ಕೆಲವು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿರುವ ನನಗೆ, ತಮ್ಮ ಊರಿನಲ್ಲೂ ಅಂಥದೊಂದು ಘಟಕ ಆರಂಭಿಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನನಗೆ ಹಕ್ಕಿಗಳ ಬಗ್ಗೆ ಅಷ್ಟೇನೂ ತಿಳಿಯದು, ನಾನು ಸಂಚಾಲಕನಾಗಬಹುದೇ? ಎಲ್ಲಿಂದ ಶುರು ಮಾಡಲಿ?” ಧಾರಾಳವಾಗಿ ಆಗಬಹುದು. ಹಕ್ಕಿ ಗುರುತಿಸಬಲ್ಲವರು ಹತ್ತು ಸದಸ್ಯರಲ್ಲಿ ಇಬ್ಬರಾದರೂ ಸಿಗುತ್ತಾರೆ. ಹೇಳಿದ ದಿನ, ಹೇಳಿದ ಜಾಗದಲ್ಲಿ ತಪ್ಪದೆ ನಿಂತಿರುವವರು ಸಿಗುವುದೇ ಕಷ್ಟ.

ಆದ್ದರಿಂದ ಮೊದಲು ದಿನ ಗೊತ್ತುಮಾಡಿ. ನಮ್ಮಲ್ಲಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲಿ ಸೇರುತ್ತೇವೆ. ಎಲ್ಲರಿಗೂ ಅನುಕೂಲವಾದ ದಿನವನ್ನು ಹುಡುಕಹೊರಟರೆ ಈ ಜಿಲ್ಲೆಯಲ್ಲಿ ಅದು ಸಿಗುವುದಿಲ್ಲ: ದೀಪಾವಳಿಯ ಸುಮಾರಿಗೆ ಹೊರಟ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ, ಅದೇ ತಿಂಗಳುಗಳಲ್ಲಿ ದೈವಗಳ ನೇಮ, ದೇವಸ್ಥಾನಗಳ ಬ್ರಹ್ಮಕಲಶ, ಮದುವೆಗಳು ಒಂದರ ಮೇಲೊಂದು ಬರುತ್ತವೆ, ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಜನವರಿ 18ರ ಪರ್ಯಾಯಕ್ಕೆ ಇಡೀ ಪೇಟೆಯೇ ರಸ್ತೆಯಲ್ಲಿರುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಶುಭಕಾರ್ಯಗಳಿಲ್ಲದೆ ಎಲ್ಲರೂ ಬಿಡುವಾಗಿರುತ್ತಾರೆ ನಿಜ, ಆದರೆ ಆಗ ಮಳೆ ಬಿಡುವುದಿಲ್ಲ. ಆ ಒಂದು ಭಾನುವಾರ ಯಾರದಾದರೂ ಮನೆಯ ಚಾವಡಿಯಲ್ಲಿ ಕುಳಿತು ಹಕ್ಕಿಗಳ ಕೂಗು ಕೇಳಿ ಗುರುತಿಸುವ ಅಭ್ಯಾಸ ಮಾಡುತ್ತೇವೆ. ಹೊಸ ಘಟಕವನ್ನು ಅಕ್ಟೋಬರದಲ್ಲಿ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅನುಭವ. ಚಳಿಗಾಲದ ವಲಸೆ ಹಕ್ಕಿಗಳು ಬಂದಿರುತ್ತವೆ. ಮೊದಲ ದಿನವೇ ಬಣ್ಣಬಣ್ಣದ ನವರಂಗ ಹಕ್ಕಿಯನ್ನು ಕಂಡವರನ್ನು ಮತ್ತೆ ಕರೆಯಬೇಕಾಗಿಲ್ಲ.

ಮೊದಲ ವರ್ಷ ನಾನೇ ಈ ನಿಯಮವನ್ನು ಮುರಿದೆ. ಹತ್ತಿರದ ಮದುವೆಯೊಂದರ ನೆಪದಲ್ಲಿ ನಡಿಗೆಯನ್ನು ಮುಂದೂಡಿ, ಶನಿವಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿ ಮಲಗಿದೆ. ಮರುದಿನ ಏಳು ಗಂಟೆಗೆ ನಿವೃತ್ತ ಮೇಷ್ಟ್ರೊಬ್ಬರ ಫೋನು ಬಂತು: “ಎಲ್ಲಿದ್ದೀರಿ ಮಾರಾಯ್ರೆ? ಇಲ್ಲಿ ಒಂದು ಕೊಕ್ಕರೆ ಮತ್ತು ನಾನು, ಇಬ್ಬರೇ ಇದ್ದೇವೆ.” ಅವರ ಬಳಿ ಇದ್ದದ್ದು ಬಟನ್ ಫೋನು.

ಅಂದು ಸಂಜೆ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತಂದೆ. ಹೆಸರು, ಊರು, ಫೋನು, ಚಂದಾ ಕೊಟ್ಟ ದಿನ, ರಶೀದಿ ಸಂಖ್ಯೆ ಇವುಗಳ ಜೊತೆಗೆ ಕೊನೆಯ ಅಂಕಣದಲ್ಲಿ ಯಾರಿಗೆ ಕರೆಯನ್ನೇ ಮಾಡಬೇಕು, ಯಾರಿಗೆ ಸಂದೇಶ ಸಾಕು ಎಂದು ಬರೆದುಕೊಳ್ಳುತ್ತೇನೆ. ಚಂದಾ ಹಣವನ್ನು ಮಾತ್ರ ನಿಮ್ಮ ಸ್ವಂತ ಗೂಗಲ್ ಪೇಗೆ ಹಾಕಿಸಿಕೊಳ್ಳಬೇಡಿ. ಮನೆಯ ಮೀನಿನ ಲೆಕ್ಕದೊಳಗೆ ಅದು ಸೇರಿಹೋದರೆ ಬೇರ್ಪಡಿಸುವುದು ಯಾರಿಂದಲೂ ಆಗದು. ಘಟಕವನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕೇ ಎಂದೂ ಕೆಲವರು ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಪ್ರಕಾರ ಅದಕ್ಕೆ ಕನಿಷ್ಠ ಏಳು ಮಂದಿ ಬೇಕು, ಅನಂತರ ವರ್ಷವರ್ಷವೂ ಮಹಾಸಭೆ, ಲೆಕ್ಕಪತ್ರ ತಪ್ಪಿದ್ದಲ್ಲ. ಮಾತೃಬಳಗಕ್ಕೆ ನೋಂದಣಿ ಇರುವಾಗ ಅವಸರ ಬೇಡ.

ಮೊದಲ ದೊಡ್ಡ ಕಾರ್ಯಕ್ರಮಕ್ಕೆ ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನು ಆರಿಸಿಕೊಳ್ಳಿ. ನಾಲ್ಕು ದಿನಗಳ ಈ ಎಣಿಕೆಯಲ್ಲಿ ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಪಟ್ಟಿ ಮಾಡಿ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರಾಯಿತು, ಮನೆಯ ಅಂಗಳವೂ ಸಾಕು. ಮೇಷ್ಟ್ರು ತಮ್ಮ ಪಟ್ಟಿಯನ್ನು ಫೋನಿನಲ್ಲಿ ಓದಿ ಹೇಳುತ್ತಾರೆ. ಬರೆದುಕೊಂಡು ಸೇರಿಸುವುದು ನನ್ನ ಕೆಲಸ.