ಮೊಟ್ಟೆ ಸುತ್ತ ಒಂದು ಹಾವು

ನಿನ್ನೆ ರಾತ್ರಿ ಒಂದು ಫೋಟೋ ನೋಡಿದೆ. ಇನ್ನೂ ತಲೆಯಿಂದ ಹೋಗಿಲ್ಲ.

ಗುಜರಾತಿನ ಢೋಲಿ ಡುಂಗ್ರಿಯಲ್ಲಿ ಸಿಕ್ಕ ಕಲ್ಲು. ಅದರೊಳಗೆ ಡೈನೋಸಾರ್ ಗೂಡು. ದುಂಡನೆಯ ಮೊಟ್ಟೆಗಳು, ಪಕ್ಕದಲ್ಲೇ ಆಗಷ್ಟೇ ಹೊರಬಂದ ಮರಿ, ಬರೀ ಅರ್ಧ ಮೀಟರ್ ಉದ್ದ. ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿ ಮಲಗಿದ ಹಾವು! ಸುಮಾರು ಮೂರೂವರೆ ಮೀಟರ್ ಹಾವು ಅದು. ಮರಿಗೆ ಹೊಂಚು ಹಾಕಿತ್ತು ಅನ್ಸುತ್ತೆ. ಅಷ್ಟರಲ್ಲಿ ಮರಳು, ಮಣ್ಣು ಜಾರಿ ಬಂದು ಎಲ್ಲವನ್ನೂ ಮುಚ್ಚಿಬಿಟ್ಟಿತು. ಸುಮಾರು 6.7 ಕೋಟಿ ವರ್ಷ ಹಾಗೇ ಇದ್ದವು.

ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಇದು ಸಿಕ್ಕಿದ್ದು 1980ರ ದಶಕದಲ್ಲಿ. ಮೊದಲು ಎಲ್ಲಾ ಮೂಳೆಯೂ ಡೈನೋಸಾರ್ ಮರಿಯದ್ದೇ ಅಂದುಕೊಂಡಿದ್ದರಂತೆ. ಅದರಲ್ಲಿ ಹಾವಿನ ಬೆನ್ನುಮೂಳೆಯೂ ಇದೆ ಅಂತ ಗೊತ್ತಾಗಿದ್ದು ಆಮೇಲೆ. 2010ರಲ್ಲಿ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಅಷ್ಟು ವರ್ಷ ಕಣ್ಣೆದುರೇ ಇತ್ತು, ಅಲ್ವಾ?

ಈ ಕಲ್ಲಿನ ಪದರಕ್ಕೆ ಲಮೇಟಾ ಅಂತ ಹೆಸರು, ಜಬಲ್‌ಪುರದ ಹತ್ತಿರ ನರ್ಮದೆಯ ಲಮೇಟಾ ಘಾಟಿನಿಂದ ಬಂದದ್ದು. 1828ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್‌ಗೆ ಜಬಲ್‌ಪುರದಲ್ಲಿ ಮೂಳೆ ಸಿಕ್ಕಾಗ ಡೈನೋಸಾರ್ ಅನ್ನೋ ಪದವೇ ಹುಟ್ಟಿರಲಿಲ್ಲ. ರಾಜಾಸಾರಸ್ ಅನ್ನೋ ಮಾಂಸಾಹಾರಿ ಡೈನೋಸಾರ್ ಸಿಕ್ಕಿದ್ದೂ ಇದೇ ಪದರದಲ್ಲಿ. ಎಲ್ಲರೂ ಅದರ ಬಗ್ಗೆಯೇ ಜಾಸ್ತಿ ಮಾತಾಡ್ತಾರೆ.

ನನಗೆ ಮಾತ್ರ ಆ ಪುಟ್ಟ ಮರಿಯೇ ನೆನಪಾಗ್ತಿದೆ. ಬದುಕಿದ್ದಿದ್ದರೆ ಆನೆಗಿಂತ ದೊಡ್ಡದಾಗಿ ಬೆಳೆಯುತ್ತಿತ್ತೋ ಏನೋ. ಬೆಳಿಗ್ಗೆ ಎದ್ದು ಸುಮ್ನೆ ಇನ್ನೊಂದು ಸಲ ಆ ಫೋಟೋ ತೆಗೆದು ನೋಡಿದೆ.