ಐಪೀಸಿನ ಗೆರೆಗೆ ಬೆಲೆ ಕಟ್ಟುವುದು

ಈರುಳ್ಳಿ ಪೊರೆಯ ಜೀವಕೋಶ ಎಷ್ಟು ಉದ್ದವಿದೆ ಎಂದು ಕೇಳಿದರೆ ‘ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ದೊಡ್ಡದಾಗಿ ಕಂಡಿತು’ ಎಂದು ಬರೆದುಕೊಡುವವರಿದ್ದಾರೆ. ಎಷ್ಟು ಪಟ್ಟು ಹಿಗ್ಗಿತು ಎನ್ನುವುದರಿಂದ ಕೋಶದ ಗಾತ್ರ ತಿಳಿಯುವುದಿಲ್ಲ. ಅಳೆಯಲು ಎರಡು ಮಾಪಕ ಬೇಕು: ಐಪೀಸಿನೊಳಗೆ (ಕಣ್ಣಿಡುವ ಮಸೂರದ ಕೊಳವೆ) ಕೂರುವ, 100 ಗೆರೆಗಳ ದುಂಡು ಗಾಜಿನ ಆಕ್ಯುಲರ್ ಮೈಕ್ರೋಮೀಟರ್ ಒಂದು, 1 ಮಿಲಿಮೀಟರನ್ನು 100 ಭಾಗ ಮಾಡಿ ಕೊರೆದ ಸ್ಟೇಜ್ ಮೈಕ್ರೋಮೀಟರ್ ಸ್ಲೈಡ್ ಇನ್ನೊಂದು. ಎರಡನೆಯದರ ಒಂದೊಂದು ಭಾಗವೂ 10 ಮೈಕ್ರೋಮೀಟರ್ (ಇಲ್ಲಿ ಅಳತೆಯ ಮಾನ: ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮೊದಲನೆಯದರ ಭಾಗಕ್ಕೆ ಬೆಲೆಯನ್ನು ನಾವೇ ಕಟ್ಟಬೇಕು, ಅದೂ ಪ್ರತಿ ಆಬ್ಜೆಕ್ಟಿವ್‌ಗೆ (ಸ್ಲೈಡಿನ ಕಡೆಗಿರುವ ಮಸೂರ) ಬೇರೆ ಬೇರೆಯಾಗಿ. ಆಬ್ಜೆಕ್ಟಿವ್ ಬದಲಿಸಿದಾಗ ಕೋಶದ ಬಿಂಬ ಹಿಗ್ಗುತ್ತದೆ, ಐಪೀಸಿನ ಗೆರೆಗಳು ಇದ್ದಷ್ಟೇ ಇರುತ್ತವೆ.

ಮೊದಲು ಐಪೀಸನ್ನು ತಿರುಗಿಸಿ ಅದರ ಗೆರೆಗಳು ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಳ್ಳಿ, ಆಮೇಲೆ ಸ್ಲೈಡಿಗೆ ಫೋಕಸ್ ಮಾಡಿ. ಎರಡೂ ಮಾಪಕಗಳನ್ನು ಸಮಾನಾಂತರವಾಗಿಸಿ ಸೊನ್ನೆಗಳನ್ನು ಕೂಡಿಸಿ. ಬಲಗಡೆ ಆದಷ್ಟು ದೂರದಲ್ಲಿ ಮತ್ತೆ ಎಲ್ಲಿ ಎರಡು ಗೆರೆ ಒಂದಾಗುತ್ತವೆ ನೋಡಿ. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಐಪೀಸಿನ 78 ಭಾಗ ಸ್ಟೇಜಿನ 20 ಭಾಗಕ್ಕೆ ಕೂಡಿತು ಎನ್ನೋಣ. 200 ಮೈಕ್ರೋಮೀಟರನ್ನು 78ರಿಂದ ಭಾಗಿಸಿದರೆ ಒಂದು ಭಾಗಕ್ಕೆ 2.56 ಮೈಕ್ರೋಮೀಟರ್. ‘ಆದಷ್ಟು ದೂರ’ ಎಂದದ್ದು ಸುಮ್ಮನೆ ಅಲ್ಲ. 78 ಇರುವಲ್ಲಿ 79 ಎಂದು ಓದಿದರೆ ತಪ್ಪು ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚು. ಹತ್ತಿರದಲ್ಲೇ ಕೂಡುವ ಗೆರೆ ಹಿಡಿದು 8 ಇರುವಲ್ಲಿ 9 ಎಂದು ಓದಿದರೆ ಅದು ಶೇಕಡಾ 11. 40 ಪಟ್ಟಿನಲ್ಲಿ ಸ್ಟೇಜಿನ ಗೆರೆಯೇ ದಪ್ಪವಾಗಿ ಕಾಣುವುದರಿಂದ ಎರಡೂ ಕೊನೆಗಳಲ್ಲಿ ಗೆರೆಯ ಎಡ ಅಂಚನ್ನೇ ಹಿಡಿಯಿರಿ. ಬೆಲೆಯನ್ನು ಬರೆದ ಚೀಟಿಯನ್ನು ಆ ಮೈಕ್ರೋಸ್ಕೋಪಿಗೇ ಅಂಟಿಸಿಡಿ. ಪಕ್ಕದ ಮೈಕ್ರೋಸ್ಕೋಪಿಗೆ ಅದು ನಡೆಯುವುದಿಲ್ಲ.

ಈರುಳ್ಳಿ ಪದರದ ಒಳಮೈಯ ಪೊರೆಯನ್ನು ಅರ್ಧ ಸೆಂಟಿಮೀಟರಿನಷ್ಟು ಬಿಡಿಸಿ, ಮಡಿಕೆ ಬೀಳದಂತೆ ನೀರಿನ ಹನಿಯಲ್ಲಿ ಹರಡಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಉಪ್ಪುನೀರು ಬೇಡ: ಒಳಗಿನ ಜೀವದ್ರವ್ಯ ಕೋಶದ ಭಿತ್ತಿಯಿಂದ ಕಿತ್ತು ಕುಗ್ಗುತ್ತದೆ, ಆಗ ಅಳೆದದ್ದು ಭಿತ್ತಿಯನ್ನೋ ದ್ರವ್ಯವನ್ನೋ ಎಂಬ ಗೊಂದಲ. ಒಂದು ಭಿತ್ತಿಯ ನಡುವಿನಿಂದ ಎದುರು ಭಿತ್ತಿಯ ನಡುವಿಗೆ ಅಳೆಯುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ಅಕ್ಕಪಕ್ಕದ ಕೋಶಗಳಿಗೆ ಆ ಭಿತ್ತಿ ಸಮಪಾಲು.

ಹೆಚ್ಚು ಜನ ಎಡವುವುದು ಕಂಡೆನ್ಸರಿನ (ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಮಸೂರ) ಡಯಾಫ್ರಮ್‌ನಲ್ಲಿ, ಅಂದರೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಕಿಂಡಿಯಲ್ಲಿ. ಬಣ್ಣ ಹಾಕದ ಕೋಶ ಎದ್ದು ಕಾಣಲಿ ಎಂದು ಅದನ್ನು ಪೂರ್ತಿ ಕಿರಿದಾಗಿಸುತ್ತಾರೆ. ಅಂಚಿನ ಸುತ್ತ ಕಪ್ಪು ಬಿಳಿ ಪಟ್ಟಿಗಳು ಮೂಡಿ ಅಂಚು ನಿಜವಾಗಿ ಎಲ್ಲಿದೆ ಎನ್ನುವುದೇ ತಿಳಿಯದಂತಾಗುತ್ತದೆ. ಐಪೀಸ್ ತೆಗೆದು ಕೊಳವೆಯೊಳಗೆ ನೋಡಿ, ಬೆಳಕಿನ ವೃತ್ತದ ಮುಕ್ಕಾಲು ಭಾಗ ತೆರೆದಿರುವಂತೆ ಇಡಿ.

40 ಪಟ್ಟಿನಲ್ಲಿ ಕೋಶದ ಅಗಲ 24 ಭಾಗ ಬಂದರೆ 2.56ರ ಗುಣಾಕಾರ 61.44 ಕೊಡುತ್ತದೆ. ಬರೆಯಬೇಕಾದದ್ದು 61 ಮೈಕ್ರೋಮೀಟರ್. ಕಣ್ಣು ಅರ್ಧ ಭಾಗದಷ್ಟು ತಪ್ಪಿದರೂ 1.3 ಮೈಕ್ರೋಮೀಟರ್ ಆಚೀಚೆ ಆಗುತ್ತದೆ. ಅದಲ್ಲದೆ 0.65 ಸಂಖ್ಯಾ ದ್ಯುತಿರಂಧ್ರದ (ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯುತ್ತದೆ ಎಂಬುದರ ಅಳತೆ) ಆಬ್ಜೆಕ್ಟಿವ್ ಹಸಿರು ಬೆಳಕಿನಲ್ಲಿ ಸುಮಾರು ಅರ್ಧ ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ದಶಮಾಂಶ ಎಷ್ಟು ಸೇರಿಸಿದರೂ ಆ ಮಿತಿ ಕದಲುವುದಿಲ್ಲ.

ಉದ್ದಕ್ಕೆ 10 ಪಟ್ಟಿನ ಆಬ್ಜೆಕ್ಟಿವ್ ಸಾಕು. 25–30 ಕೋಶ ಅಳೆಯಿರಿ, ಅಂದವಾದವನ್ನಷ್ಟೇ ಆರಿಸಬೇಡಿ. ಎರಡೂ ತುದಿ ಮಾಪಕದೊಳಗೆ ಕಾಣುವವನ್ನೇ ತೆಗೆದುಕೊಂಡರೆ ಉದ್ದನೆಯವು ಹೊರಗುಳಿದು ಸರಾಸರಿ ತಗ್ಗುತ್ತದೆ. ಎಡ ತುದಿ ಮಾಪಕದೊಳಗೆ ಬಿದ್ದ ಪ್ರತಿ ಕೋಶವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಲ ತುದಿ ಆಚೆ ಹೋದರೆ ಸ್ಲೈಡನ್ನು ಸರಿಸಿ ಓದಿ.